ನಾಖೋದಾ ಕುಡಿದ ಕಾಫಿ

ಈ ಕಥೆಯನ್ನು ಹೇಳುವ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಮನೆಯೊಳಗೆ ಆಡಿದ ಮಾತು ಹೊರಗೆ ಹೋಯಿತೆಂದು ಒಬ್ಬ ಹೆಂಗಸು ನೊಂದುಕೊಂಡ ಕಥೆ ಇದು. ಅದನ್ನು ಮತ್ತೊಮ್ಮೆ ಹೊರಗೆ ಹೇಳುವುದು ಎಷ್ಟು ಸರಿ ಎಂಬ ಅಳುಕು ಬರೆಯುವಾಗಲೂ ಇತ್ತು, ಈಗಲೂ ಇದೆ. ಹೇಳದೆ ಬಿಟ್ಟರೆ ಮೋಜಿನ ಪಾರ್ಕಿನವರು ಹೇಳಿದ್ದೊಂದೇ ಉಳಿಯುತ್ತದೆ, ಅಷ್ಟೇ ಕಾರಣ. ಹೆಸರುಗಳನ್ನು ಬದಲಿಸಿದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದಿರಲು ಪ್ರಯತ್ನ ಮಾಡಿದೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಲ್ಥಮ್‌ಗೆ ವಿಷಯ ಗೊತ್ತಾದದ್ದು ಒಂದು ಗೇಲಿಯ ಮಾತಿನಿಂದ. ಅಬುಧಾಬಿಯ ಬತೀನ್‌ನಲ್ಲಿ, ಶುಕ್ರವಾರ ಮಧ್ಯಾಹ್ನದ ಊಟದ ಮೇಲೆ ಹೆಂಗಸರೆಲ್ಲ ಉಮ್ಮ್ ಸೈಫಳ ಮನೆಯಲ್ಲಿ ಸೇರುವುದು ವಾಡಿಕೆ. ಅವತ್ತು ಕಲ್ಥಮ್ ಒಳಗೆ ಕಾಲಿಟ್ಟಿದ್ದೇ ತಡ, ಉಮ್ಮ್ ಸೈಫ್ ದಿಂಬಿಗೆ ಒರಗಿದ್ದವಳು ನೆಟ್ಟಗೆ ಕೂತಳು.

"ಏನಮ್ಮಾ ಉಮ್ಮ್ ಖಲ್ಫಾನ್, ಈ ವಯಸ್ಸಲ್ಲಿ ನಾಟಕದ ಕಂಪನಿ ಸೇರಿದ್ದೀಯಂತೆ. ನನ್ನ ಸೊಸೆ ದುಡ್ಡು ಕೊಟ್ಟು ನಿನ್ನ ದನಿ ಕೇಳ್ಕೊಂಡು ಬಂದ್ಲು. ಇಷ್ಟು ದಿನ ನಾವು ಬಿಟ್ಟಿ ಕೇಳ್ತಿದ್ವಲ್ಲ, ಬೆಲೆ ಗೊತ್ತಿರಲಿಲ್ಲ ನೋಡು."

ಮಗ ಖಲ್ಫಾನನ ಹೆಸರು ಹಿಡಿದು ಕಲ್ಥಮ್‌ಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಹೆಂಗಸರೆಲ್ಲ ನಕ್ಕರು. ಕಲ್ಥಮ್ ಕೂಡ ನಕ್ಕಳು, ಯಾರದೋ ದನಿ ಇರಬೇಕು ಎಂದಳು. ಸೊಸೆ ಒಳಗಿನಿಂದ ಬಂದು ಇಲ್ಲ ಚಿಕ್ಕಮ್ಮ, ನಿಮ್ಮದೇ, ಪಾರ್ಕಿನ ದೋಣಿಯಲ್ಲಿ ನೀವು ಕಡಲನ್ನು ಬೈಯುತ್ತೀರಿ ಎಂದಳು. ಆಗ ಕಲ್ಥಮ್‌ಳ ನಗು ನಿಂತಿತು. ಕಡಲನ್ನು ಬೈದ ಮಾತನ್ನು ಅವಳು ಆಡಿದ್ದು ಜೀವಮಾನದಲ್ಲಿ ಒಂದೇ ಸಲ, ಒಬ್ಬನ ಮುಂದೆ ಮಾತ್ರ. ಅವನ ಹೆಸರು ಮತರ್.

ಮತರ್ ಅವಳ ಒಡಹುಟ್ಟಿದವನಲ್ಲ, ಹಾಲಿನ ತಮ್ಮ. ಅವನು ಹುಟ್ಟಿದಾಗ ಅವನ ತಾಯಿ ಜ್ವರದಲ್ಲಿ ಹೋದಳು. ಕಲ್ಥಮ್‌ಳ ತಾಯಿ ಘಾಯಾಳ ಮಡಿಲಲ್ಲಿ ಆಗ ಒಂದು ಹಸುಗೂಸಿತ್ತು. ಅದರ ಜೊತೆಗೆ ಇವನಿಗೂ ಮೊಲೆಯೂಡಿಸಿದಳು. ಹಸುಗೂಸು ದಡಾರದಲ್ಲಿ ತೀರಿಕೊಂಡಿತು, ಇವನು ಉಳಿದ. ಒಂದೇ ಹಾಲು ಕುಡಿದ ಮೇಲೆ ಅವನು ಮನೆಯ ಮಗನೇ. ಗಂಡ, ಮಕ್ಕಳು ಬಿಟ್ಟರೆ ಕಲ್ಥಮ್ ಮುಖ ಮರೆಮಾಡುವ ಪಟ್ಟಿ ತೆಗೆದು, ತಲೆವಸ್ತ್ರ ಜಾರಿದರೂ ಗಮನಿಸದೆ ಕೂರುತ್ತಿದ್ದದ್ದು ಅವನೊಬ್ಬನ ಮುಂದೆ. ಗಂಡ ಹೋದ, ಖಾಸಾ ಅಣ್ಣತಮ್ಮಂದಿರು ಇರಲೇ ಇಲ್ಲ. ಹಳೆಯ ಬತೀನನ್ನು ಕಂಡ ಗಂಡಸು ಎಂದರೆ ಅವಳ ಪಾಲಿಗೆ ಇನ್ನು ಮತರ್ ಒಬ್ಬನೇ.

ಬಂದರಿನ ಕೆಲಸದಿಂದ ನಿವೃತ್ತನಾದ ಮೇಲೆ ಅವನನ್ನು ಆ ಮೋಜಿನ ಪಾರ್ಕಿನವರು ಕರೆದು ಹಳೆಯ ಕಾಲದ ವಿಷಯಕ್ಕೆ ಸಲಹೆಗಾರನನ್ನಾಗಿ ಮಾಡಿಕೊಂಡಿದ್ದರು. ಪಾರ್ಕಿಗೆ ಹೀರಾತ್ ಎಂದು ಹೆಸರು. ಮುತ್ತಿನ ಚಿಪ್ಪು ಸಿಗುತ್ತಿದ್ದ ಕಡಲ ತಳಕ್ಕೆ ಹಳಬರು ಹೇಳುತ್ತಿದ್ದ ಮಾತು ಅದು. ಕಲ್ಥಮ್ ಹುಡುಗಿಯಾಗಿದ್ದಾಗ ಆ ಜಾಗದಲ್ಲಿ ನೀರಿತ್ತು. ಈಗ ಮರಳು ಸುರಿದು ದ್ವೀಪ ಮಾಡಿ, ಅದರ ಮೇಲೆ ಉರುಳುವ ರೈಲು, ಹಿಮದ ಗುಡ್ಡ, ಮಂಜುಗಡ್ಡೆಯ ಮೇಲೆ ಕುಣಿಯುವ ಕರಡಿ ಎಲ್ಲ ಬಂದಿವೆ. ಅವುಗಳ ನಡುವೆ ಹಳೆಯ ಕಾಲದ್ದೂ ಒಂದಿರಲಿ ಎಂದು ಮುತ್ತಿನ ದೋಣಿಯ ಸವಾರಿ ಮಾಡಿದ್ದರು. ಅದನ್ನು ಕಟ್ಟುತ್ತಿದ್ದ ಚಳಿಗಾಲವೆಲ್ಲ ಮತರ್ ಹಲ್ವಾದ ಡಬ್ಬಿ ಹಿಡಿದುಕೊಂಡು ಬಂದು, ಅಕ್ಕಾ ಅದು ಹೇಗಿತ್ತು, ಇದು ಹೇಗಿತ್ತು ಎಂದು ಕೇಳುತ್ತಿದ್ದ. ಕೂರುವಾಗ ಫೋನನ್ನು ಬೋರಲಾಗಿ ಜಮಖಾನದ ಮೇಲೆ ಇಡುತ್ತಿದ್ದ. ದೊಡ್ಡವರ ಮುಂದೆ ಫೋನು ನೋಡಬಾರದೆಂಬ ಮರ್ಯಾದೆ ಇದ್ದವನು ಇವನೊಬ್ಬನೇ ಎಂದು ಕಲ್ಥಮ್ ಮೊಮ್ಮಗಳ ಹತ್ತಿರ ಹೊಗಳಿದ್ದಳು.

ಪಾರ್ಕು ತೆರೆದಾಗ ಅವಳು ನೋಡಬೇಕೆಂದಿದ್ದಳು. ಬೇಡ ಅಕ್ಕಾ, ಜನಜಾತ್ರೆ, ನಿನ್ನ ಮಂಡಿನೋವಿಗೆ ಆಗಿಬರೋದಿಲ್ಲ ಎಂದು ಅವನೇ ತಡೆದಿದ್ದ. ಅದು ಅಕ್ಕರೆ ಎಂದು ಅವಳು ತಿಳಿದಿದ್ದಳು.

ಉಮ್ಮ್ ಸೈಫಳ ಮನೆಯಿಂದ ಬಂದವಳು ಮೊಮ್ಮಗಳು ಅಫ್ರಾಳನ್ನು ಕರೆದು, ನಾಳೆ ಪಾರ್ಕಿಗೆ ಕರೆದುಕೊಂಡು ಹೋಗು ಎಂದಳು. ಅಫ್ರಾ ಕಾಲೇಜಿನ ಹುಡುಗಿ. ಅಜ್ಜಿಗೆ ಇದ್ದಕ್ಕಿದ್ದಂತೆ ಉರುಳುವ ರೈಲಿನ ಆಸೆ ಬಂತೇ ಎಂದು ಕಿಚಾಯಿಸಿದಳು. ಅಜ್ಜಿಯ ಮುಖ ನೋಡಿ, ಆಗಲಿ ಎಂದಳು.

ಒಳಗೆ ಎಲ್ಲೆಲ್ಲೂ ತಣ್ಣಗೆ ಗಾಳಿ ಬರುತ್ತಿತ್ತು. ಚಪ್ಪಲಿಯ ಮೇಲೆ ಕೂಡ ಚಿತ್ರ ಬರೆಸಿಕೊಂಡ ಮಕ್ಕಳು, ಗಾಡಿಯಲ್ಲಿ ಕೂಸನ್ನು ತಳ್ಳುವ ರಷ್ಯಾದ ದಂಪತಿ, ಒಂದೇ ಬಣ್ಣದ ಟೋಪಿ ಹಾಕಿದ ಚೀನೀಯರ ಗುಂಪು. ಕಲ್ಥಮ್ ಯಾವುದನ್ನೂ ನೋಡಲಿಲ್ಲ. ದೋಣಿಯ ಸವಾರಿಯ ಸಾಲಿನಲ್ಲಿ ಗಾಲಿಕುರ್ಚಿ ಬೇಡವೆಂದು ನಿಂತೇ ಇದ್ದಳು. ಬಾಗಿಲಲ್ಲಿದ್ದ ಫಿಲಿಪೀನ್ಸಿನ ಹುಡುಗಿ ಅವಳ ಮೊಣಕೈ ಹಿಡಿದು ದೋಣಿಗೆ ಹತ್ತಿಸಿ, ಮಾಮಾ, ಸ್ವಲ್ಪ ನೀರು ಹಾರುತ್ತೆ ಎಂದು ಮುರುಕು ಅರಬ್ಬಿಯಲ್ಲಿ ಎಚ್ಚರಿಸಿದಳು.

ದೋಣಿ ಕತ್ತಲೆಯನ್ನು ಹೊಕ್ಕಿತು. ಮೀನಿನ ವಾಸನೆಯನ್ನೂ ಎಲ್ಲಿಂದಲೋ ಬಿಟ್ಟಿದ್ದರು. ಬಲಗಡೆ ದಡ ಬೆಳಗಿತು. ಕಪ್ಪು ಬಟ್ಟೆಯ ಹೆಂಗಸರ ಗೊಂಬೆಗಳು ಉರಿಯುವ ಖರ್ಜೂರದ ಗರಿಗಳನ್ನು ಹಿಡಿದು ನೀರಿಗೆ ಬಾಗುತ್ತಿದ್ದವು. ಗಂಡಸರು ಮುತ್ತಿಗೆ ಹೋಗಿ ತಿಂಗಳುಗಟ್ಟಲೆ ಬಾರದಿದ್ದಾಗ ಹೆಂಗಸರು ಹಾಗೆ ಮಾಡುತ್ತಿದ್ದದ್ದು ನಿಜ. ಕಡಲಿಗೆ ಬರೆ ಹಾಕಿ, ಗದರಿ, ನಮ್ಮವರನ್ನು ಬಿಟ್ಟುಕೊಡು ಎನ್ನುತ್ತಿದ್ದರು. ಆಗ ಮೇಲಿನಿಂದ ದನಿ ಬಂತು.

"ಸಾಕು ಮಾಡು ಕಡಲೇ. ನಿನ್ನ ಹೊಟ್ಟೆ ಎಷ್ಟು ದೊಡ್ಡದು? ನಾಕು ತಿಂಗಳು ತಿಂದದ್ದು ಸಾಲಲಿಲ್ವಾ? ನನ್ನ ಮಕ್ಕಳ ಅಪ್ಪನ್ನ ಕಳಿಸು."

ಅವಳದೇ ದನಿ. ಎಪ್ಪತ್ತು ದಾಟಿದ ಗಂಟಲಿನಲ್ಲಿ ತಾಯಿಯ ದನಿಯನ್ನು ಹಿಡಿಯಲು ಹೋಗಿ ಒಡೆದಿದ್ದ ದನಿ. ಪಕ್ಕದಲ್ಲಿ ಅಫ್ರಾ ಅಜ್ಜಿಯ ಕೈ ಹುಡುಕಿದಳು. ಹಿಂದಿನ ಸಾಲಿನಲ್ಲಿ ಒಬ್ಬ ಗಂಡಸು ಫೋನು ಎತ್ತಿ ಹಿಡಿದು ಅದನ್ನೆಲ್ಲ ಮುದ್ರಿಸಿಕೊಳ್ಳುತ್ತಿದ್ದ. ಕಲ್ಥಮ್ ಜೀವನದಲ್ಲಿ ಅಪರಿಚಿತ ಗಂಡಸರ ಮುಂದೆ ಮೀನಿನ ಬೆಲೆ ಕೇಳುವಷ್ಟು ಮಾತ್ರ ದನಿ ಎತ್ತಿದವಳು. ಆದರೂ ಅವಳು ಅದನ್ನು ನುಂಗಿಕೊಂಡಳು. ಮುಂದೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಮತರ್‌ಗೆ ಅವಳು ಹೇಳಿದ್ದು ಇಲ್ಲಿಗೇ ನಿಂತಿರಲಿಲ್ಲ.

ಅವಳ ತಾಯಿ ಕಡಲನ್ನು ಹಾಗೆ ಬೈದ ವರ್ಷ ದೋಣಿ ಬಂದಿತ್ತು, ಅಪ್ಪ ಬಂದಿರಲಿಲ್ಲ. ಅಪ್ಪ ಉಬೈದ್ ಮುಳುಗುವವನು. ಕಿವಿಯಲ್ಲಿ ರಕ್ತ ಬರುತ್ತಿದೆ, ಒಂದು ದಿನ ಬಿಡು ಎಂದು ದೋಣಿಯ ಯಜಮಾನನನ್ನು, ಅಂದರೆ ನಾಖೋದಾನನ್ನು ಕೇಳಿದ್ದನಂತೆ. ಕಡೆಯ ವಾರ, ಇಳಿ ಎಂದನಂತೆ ನಾಖೋದಾ. ಇಳಿದವನು ಹೆಣವಾಗಿ ಮೇಲೆ ಬಂದ. ಆ ನಾಖೋದಾ ಮತರ್‌ನ ತಂದೆ.

ಘಾಯಾಳ ಇದ್ದತ್, ಅಂದರೆ ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳ ಅವಧಿ, ಮುಗಿದ ಮೇಲೆ ನಾಖೋದಾ ಐದು ವರ್ಷದ ಮಗನನ್ನು ಕರೆದುಕೊಂಡು ಮನೆಗೆ ಬಂದ. ಗರಿಯ ಚಾಪೆಯೊಂದನ್ನು ನಡುವೆ ಇಳಿಬಿಟ್ಟಿತ್ತು. ಚಾಪೆಯ ಆಚೆ ಘಾಯಾ, ಈಚೆ ನಾಖೋದಾ ಮತ್ತು ಕಿವಿ ಮಂದವಾದ ಮುದುಕ ಅಜ್ಜ. ಅಜ್ಜ ಕಾಫಿ ಬಗ್ಗಿಸಿಕೊಟ್ಟ. ನಾಖೋದಾ ಬಟ್ಟಲನ್ನು ಕುಡಿಯದೆ ಮುಂದೆ ನೆಲದ ಮೇಲೆ ಇಟ್ಟ. ಏನನ್ನೋ ಬೇಡಲು ಬಂದವನು ಹಾಗೆ ಇಡುತ್ತಾನೆ. ಮನೆಯವರು ಕುಡಿ, ನಿನ್ನ ಮಾತು ನಡೆಸಿಕೊಟ್ಟೆವು ಎಂದರೆ ಮಾತ್ರ ತುಟಿಗೆ ಇಡುತ್ತಾನೆ. ಅವನು ಬೇಡಿದ್ದು ಕ್ಷಮೆ. ಹೇಳಬೇಕಾಗಿದ್ದವಳು ಘಾಯಾ. ಕಲ್ಥಮ್ ಆಗ ಹತ್ತರ ಆಸುಪಾಸಿನ ಹುಡುಗಿ, ಹಿಂದೆ ಒಲೆಯ ಹತ್ತಿರ ಇದ್ದಳು. ಅವನು ಹೋದ ಮೇಲೆ ಬಟ್ಟಲು ತೆಗೆಯಲು ಬಂದಾಗ, ಹಾಕಿದ ಕಾಫಿ ಹಾಕಿದ ಹಾಗೇ ತಣ್ಣಗಾಗಿ ಕೂತಿತ್ತು. ಅದನ್ನು ಅವಳೇ ಅಂಗಳದ ಮರಳಿಗೆ ಚೆಲ್ಲಿದ್ದಳು.

ಅವಳಿಗೆ ತಾಯಿ ಬಿಟ್ಟುಹೋದ ಆಸ್ತಿ ಎಂದರೆ ಅದೊಂದು ತುಂಬಿದ ಬಟ್ಟಲು. ಹೊಟ್ಟೆಗಿಲ್ಲದ ದಿನಗಳಲ್ಲೂ ದೊಡ್ಡವನೊಬ್ಬ ಬಾಗಿಲಿಗೆ ಬಂದು ಬೇಡಿದಾಗ ತಾಯಿ ಬಾಯಿ ತೆರೆಯಲಿಲ್ಲ. ಅವನ ಮಗನಿಗೆ ಮಾತ್ರ ಮರುದಿನವೂ ಅನ್ನ ಕೊಟ್ಟಳು. ಹಾಲು ಕುಡಿದ ಮಗು ಏನು ತಪ್ಪು ಮಾಡಿತು ಎಂದಳು. ಕಲ್ಥಮ್ ಇದನ್ನು ಮತರ್‌ಗೆ ಹೇಳುವಾಗ ಹೆದರುತ್ತಲೇ ಹೇಳಿದ್ದಳು, ಅವನ ತಂದೆಯ ಮಾತಲ್ಲವೇ. ಅವನು ತಲೆ ತಗ್ಗಿಸಿ ಕೇಳಿದ್ದ. ನಿನಗೆ ಬೇಜಾರಾಯ್ತಾ ಎಂದದ್ದಕ್ಕೆ, ನನಗೂ ಅವಳು ತಾಯಿಯಲ್ವಾ ಅಕ್ಕಾ ಎಂದಿದ್ದ. ಆ ಮಾತಿಗೆ ಅವಳ ಕಣ್ಣು ತುಂಬಿತ್ತು.

ದೋಣಿ ತಿರುವಿನಲ್ಲಿ ನಿಧಾನವಾಯಿತು. ಎಡಗಡೆ ಗರಿಯ ಗುಡಿಸಲು. ಒಳಗೆ ಹೊಳೆಯುವ ಮುಖಪಟ್ಟಿ ತೊಟ್ಟ ಹೆಂಗಸಿನ ಗೊಂಬೆ, ಎದುರಿಗೆ ಗಡ್ಡದ ನಾಖೋದಾ. ನಡುವೆ ಚಾಪೆ ಇರಲಿಲ್ಲ. ಅಜ್ಜನೂ ಇರಲಿಲ್ಲ. ಹೆಂಗಸೇ ಕೈ ನೀಡಿ ಪರಗಂಡಸಿಗೆ ಕಾಫಿ ಬಗ್ಗಿಸಿದಳು. ನಾಖೋದಾ ಬಟ್ಟಲು ನೆಲಕ್ಕಿಟ್ಟ. ಹೆಂಗಸು ತಲೆಯಾಡಿಸಿದಳು. ಅವನು ಬಟ್ಟಲು ಎತ್ತಿ ಕುಡಿದ. ವಾದ್ಯಗಳು ಮೊಳಗಿದವು. ಘಾಯಾಳ ಮನೆ ಎಂದು ಬಾಗಿಲ ಮೇಲೆ ದೀಪದಲ್ಲಿ ಬರೆದಿತ್ತು. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಹೆತ್ತವಳ ಹೆಸರನ್ನು ಪರರ ಮುಂದೆ ಆಡದ ಊರು ಅದು. ಮತರ್ ಕೂಡ ಚಿಕ್ಕಂದಿನಲ್ಲಿ, ತಾಯಿಯ ಹೆಸರೇನೋ ಎಂದು ಓರಗೆಯವರು ಕೆಣಕಿದ್ದಕ್ಕೆ ಹಲ್ಲು ಮುರಿಯುವಂತೆ ಹೊಡೆದಾಡಿ ಬಂದಿದ್ದ.

ಹೊರಗೆ ಬರುವಲ್ಲಿ ಎಲ್ಲರಿಗೂ ಕಾಗದದ ಲೋಟದಲ್ಲಿ ಕಾಫಿ, ಒಂದು ಖರ್ಜೂರ ಕೊಡುತ್ತಿದ್ದರು. ಕಲ್ಥಮ್ ಕೈಯೊಡ್ಡಲಿಲ್ಲ. ಗೋಡೆಯ ಮೇಲೆ ದೊಡ್ಡ ಪರದೆಯಿತ್ತು, ನೋಡಿದವರು ತಮ್ಮ ಅನಿಸಿಕೆಯನ್ನು ಅದರಲ್ಲಿ ಬರೆಯಬಹುದಾಗಿತ್ತು. ಏನು ಬರೆದಿದ್ದಾರೆ ಓದು ಎಂದಳು ಅಜ್ಜಿ. ಅಫ್ರಾ ಹಿಂಜರಿದಳು. ಓದು ಎಂದಳು ಮತ್ತೆ. ನೀರು ಸಾಲದು ಎಂದು ಒಬ್ಬರು ಬರೆದಿದ್ದರು. ಕಾಫಿ ಆರಿತ್ತು ಎಂದು ಇನ್ನೊಬ್ಬರು. ದುಬೈಯ ಪಾರ್ಕೇ ವಾಸಿ, ಇಲ್ಲಿ ಬೇಗ ಮುಗಿಯುತ್ತದೆ ಎಂದು ಮತ್ತೊಬ್ಬರು. ಪೋಲೆಂಡಿನಿಂದ ಬಂದ ಹೆಂಗಸೊಬ್ಬಳು ಬರೆದಿದ್ದಳು: ಗಂಡನನ್ನು ಕಳೆದುಕೊಂಡವಳು ಅಷ್ಟು ಸುಲಭವಾಗಿ ಕ್ಷಮಿಸಿದ್ದನ್ನು ನೋಡಿ ಅತ್ತುಬಿಟ್ಟೆ, ಇಲ್ಲಿನ ಹೆಂಗಸರ ಮನಸ್ಸು ಎಷ್ಟು ಮೆದು.

ಅಫ್ರಾ ಓದಿ ಮುಗಿಸಿದ ಮೇಲೂ ಕಲ್ಥಮ್ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ, ಮೂತ್ರಕ್ಕೆ ಹೋಗಬೇಕು, ದಾರಿ ತೋರಿಸು ಎಂದಳು. ಅಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಬಹಳ ಹೊತ್ತು ಇದ್ದಳು.

ಮತರ್‌ಗೆ ಫೋನು ಮಾಡಿ ಬರಹೇಳಿದವಳು ಅಫ್ರಾ. ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ಬಂದ. ಎಂದಿನಂತೆ ಹೊರಗಿನಿಂದಲೇ, ಅಕ್ಕಾ ಬರ್ತಿದ್ದೀನಿ ಎಂದು ಕೂಗು ಹಾಕುತ್ತ, ಚಪ್ಪಲಿ ಕಳಚಿ ಒಳಕೋಣೆಯ ಬಾಗಿಲಿಗೆ ಬಂದವನು ಹೊಸ್ತಿಲಲ್ಲೇ ನಿಂತ. ಕಲ್ಥಮ್ ಮುಖಪಟ್ಟಿ ಕಟ್ಟಿಕೊಂಡು, ಅದರ ಮೇಲೆ ತಲೆವಸ್ತ್ರವನ್ನು ಪೂರಾ ಇಳಿಬಿಟ್ಟು, ಗೋಡೆಯ ಕಡೆ ತಿರುಗಿ ಕೂತಿದ್ದಳು. ಮೊಮ್ಮಗಳು ನಡುವೆ ಕೂತಿದ್ದಳು.

"ಇದೇನಕ್ಕಾ ಇದು? ನನ್ನ ಮುಂದೆ?"

"ಪರಗಂಡಸರು ಬಂದಾಗ ಹೀಗೇ ಕೂರೋದು. ನಿನಗೆ ಗೊತ್ತಿಲ್ಲದ್ದೇನಲ್ಲ, ನೀನು ಹಳೇ ಕಾಲದ ಸಲಹೆಗಾರ."

ಮತರ್ ಹಲ್ವಾದ ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಅಲ್ಲೇ ಕುಕ್ಕರಿಸಿದ. ಒಳಗೆ ಬರುವ ಧೈರ್ಯ ಮಾಡಲಿಲ್ಲ. ಮೊದಲು ಅವನು ತಪ್ಪನ್ನೆಲ್ಲ ಪಾರ್ಕಿನವರ ಮೇಲೆ ಹಾಕಿದ. ಚಾಪೆಯ ಹಿಂದೆ ಕೂತವಳು ಪ್ರವಾಸಿಗರಿಗೆ ಕಾಣುವುದಿಲ್ಲ ಎಂದರಂತೆ. ಕುಡಿಯದೆ ಎದ್ದುಹೋದರೆ ಯಾರಿಗೂ ಅರ್ಥವಾಗುವುದಿಲ್ಲ, ಕಾಫಿ ಚೆನ್ನಾಗಿಲ್ಲದ್ದಕ್ಕೆ ಬಿಟ್ಟ ಎಂದುಕೊಳ್ಳುತ್ತಾರೆ ಎಂದರಂತೆ. ದನಿಗೆ ಬೇರೆಯವರನ್ನು ಕರೆಸಿದ್ದರು, ಯಾರ ನಾಲಿಗೆಯೂ ತಿರುಗಲಿಲ್ಲ. ಕೊನೆಗೆ, ಬೋರಲಾಗಿ ಇಡುತ್ತಿದ್ದ ತನ್ನ ಫೋನಿನಲ್ಲಿ ಮುದ್ರಿಸಿಕೊಂಡದ್ದನ್ನು ಕೊಟ್ಟನಂತೆ.

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ."

ಅಫ್ರಾಗೆ ನಗು ಬಂದ ಹಾಗಾಯಿತು, ಅಳುವೂ ಬಂತು. ಮನೆಯವರ ಒಪ್ಪಿಗೆ ಬೇಕಾಗಿರಲಿಲ್ಲವೇ ಎಂದು ಅವಳು ಕೇಳಿದಳು. ಬೇಕಾಗಿತ್ತು, ಮಗನೆಂದು ನಾನೇ ಕೊಟ್ಟೆ ಎಂದ ಮತರ್. ಅದರಲ್ಲಿ ಸುಳ್ಳೇನಿದೆ, ನನಗೂ ಅವಳು ತಾಯಿ ಎಂದ.

ಆಗ ಕಲ್ಥಮ್ ಗೋಡೆಯ ಕಡೆಯಿಂದ ತಿರುಗದೆ ಹೇಳಿದಳು. "ಹಾಲಿಗೆ ಮಗ ನೀನು. ಹಾಲಿನ ಮಗನಿಗೆ ತಾಯಿಯ ಒಂದು ಬಳೆ ಕೂಡ ಪಾಲು ಬರೋದಿಲ್ಲ. ಅವಳ ಮಾತು ಎಲ್ಲಿಂದ ಬಂತು? ಅವಳು ಬಾಯಿ ಮುಚ್ಕೊಂಡಿದ್ಲಲ್ಲ, ಅದು ನಂದು. ಅದನ್ನ ನೀನು ಹೇಗೆ ಮಾರಿದೆ?"

ಹೊರಗೆ ಯಾರದೋ ಕಾರು ಹಿಂದಕ್ಕೆ ಬರುತ್ತ ಕೂಗುತ್ತಿತ್ತು. ಅದು ನಿಂತ ಮೇಲೆ ಮತರ್ ಮಾತಾಡಿದ, ದನಿ ಮೊದಲಿನ ಹಾಗಿರಲಿಲ್ಲ.

"ಅಕ್ಕಾ, ನೀನು ಒಲೆ ಹತ್ರ ಇದ್ದೆ. ನಾನು ಚಾಪೆಯಿಂದ ಆಚೆ ಅವಳ ಮಡಿಲಲ್ಲಿದ್ದೆ. ಅವಳು ಹೇಳಿದ್ಲು. ಸಣ್ಣಗೆ ಹೇಳಿದ್ಲು, ಕುಡಿಯಲಿ ಅಂತ. ಅಜ್ಜನಿಗೆ ಕೇಳಿಸ್ಲಿಲ್ಲ. ನಮ್ಮಪ್ಪನಿಗೆ ಕೇಳಿಸ್ತು. ಕುಡಿದ. ಬಟ್ಟಲು ಅಲ್ಲಾಡಿಸದೆ ಇಟ್ಟ, ಅದಕ್ಕೆ ಅಜ್ಜ ಇನ್ನೊಂದು ಸಲ ಬಗ್ಗಿಸಿದ. ನೀನು ಚೆಲ್ಲಿದ್ದು ಎರಡನೇದು."

ಸಾಕು ಎನ್ನುವವನು ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಿ ಕೊಡುತ್ತಾನೆ, ಅಲ್ಲಾಡಿಸದಿದ್ದರೆ ಮತ್ತೆ ಬಗ್ಗಿಸುತ್ತಾರೆ. ಇದು ಆ ಊರಿನ ಮಕ್ಕಳಿಗೂ ಗೊತ್ತು. ಕಲ್ಥಮ್‌ಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಆ ಬಟ್ಟಲನ್ನ ಹಿಡ್ಕೊಂಡು ಬದುಕಿದ್ದೆ. ನಾನು ಯಾವ ಬಾಯಲ್ಲಿ ಹೇಳಲಿ?"

"ಈಗ ಬಾಯಿ ಬಂತಾ? ದೇಶದೇಶದವರಿಗೆಲ್ಲ ತೋರಿಸಿದ ಮೇಲೆ?"

ಅವಳು ಅಫ್ರಾಗೆ, ಬಂದವರಿಗೆ ಹೋಗಿಬನ್ನಿ ಅಂತ ಹೇಳು ಎಂದಳು. ತಮ್ಮನಿಗೆ ಆ ಮನೆಯಲ್ಲಿ ಯಾರೂ ಯಾವತ್ತೂ ಬಹುವಚನ ಬಳಸಿರಲಿಲ್ಲ. ಅಫ್ರಾ ಹೇಳುವವರೆಗೆ ಕಾಯದೆ ಮತರ್ ತಾನೇ ಎದ್ದು ಹೋದ. ಚಪ್ಪಲಿ ಎಡಬಲ ಅದಲುಬದಲಾಗಿ ಮೆಟ್ಟಿದ್ದನ್ನು ಮೊಮ್ಮಗಳು ಕಿಟಕಿಯಿಂದ ನೋಡಿದಳು.

ತಿಂಗಳೊಂದರ ಮೇಲೆ ಸವಾರಿಯ ದನಿ ಬದಲಾಯಿತು. ಈಗ ಕೈರೋದ ಕಡೆಯ ನಟಿಯೊಬ್ಬಳು ಕಡಲನ್ನು ಬೈಯುತ್ತಾಳೆ, ತುಂಬ ಚೆನ್ನಾಗಿ ಬೈಯುತ್ತಾಳೆ ಎಂದು ಉಮ್ಮ್ ಸೈಫ್ ಹೇಳುತ್ತಾಳೆ. ಬಾಗಿಲ ಮೇಲಿನ ಹೆಸರನ್ನೂ ತೆಗೆದರು. ನಾಖೋದಾ ಮಾತ್ರ ದಿನವೂ ಕಾಫಿ ಕುಡಿಯುತ್ತಾನೆ. ದನಿಯನ್ನು ತೆಗೆಸಿದವನು ಮತರ್ ಎಂದು ಕೆಲವರು, ಅಫ್ರಾ ಬರೆದ ದೂರು ಎಂದು ಕೆಲವರು ಹೇಳುತ್ತಾರೆ. ಕಲ್ಥಮ್ ವಿಚಾರಿಸಲಿಲ್ಲ.

ಅವಳು ವಿಚಾರಿಸಿದ್ದು ಬೇರೆ. ಹಳೆಯ ಬತೀನಿನ ಮುದುಕಿಯರು ಒಂದಿಬ್ಬರು ಇನ್ನೂ ಇದ್ದರು. ಅವರ ಮನೆಗಳಿಗೆ ಹೋಗಿ, ಹರಟೆಯ ನಡುವೆ ಯಾವುದೋ ಮಾತಿಗೆ ಎಂಬಂತೆ, ನಮ್ಮಮ್ಮ ನಾಖೋದಾನ ಸುದ್ದಿ ಏನಾದರೂ ಆಡಿದ್ದಳೇ ಎಂದು ಕೇಳಿದಳು. ಒಬ್ಬಳಿಗೆ ನೆನಪೇ ಉಳಿದಿರಲಿಲ್ಲ. ಇನ್ನೊಬ್ಬಳು, ನಿಮ್ಮಮ್ಮ ಯಾವ ಸುದ್ದಿಯನ್ನೂ ಆಡುತ್ತಿರಲಿಲ್ಲ ತಾಯಿ, ಆಡಿದ್ದರೆ ನಮಗೂ ಹೊತ್ತು ಹೋಗುತ್ತಿತ್ತು ಎಂದಳು. ಉಬೈದ್ ಸತ್ತ ವರ್ಷದ ಚಳಿಗಾಲ ಕಳೆದ ಮೇಲೆ ನಾಖೋದಾ ದೋಣಿ ಮಾರಿದ್ದು ನಿಜ. ಯಾಕೆ ಮಾರಿದ ಎಂದು ಯಾರೂ ಕೇಳಿರಲಿಲ್ಲ.

ಮತರ್ ಈದ್‌ಗೆ ಬರುತ್ತಾನೆ. ಕಲ್ಥಮ್ ಮುಖ ಮುಚ್ಚಿಕೊಂಡೇ ಸಲಾಮಿಗೆ ಉತ್ತರ ಕೊಡುತ್ತಾಳೆ. ಅವನು ಹೊರಗಿನ ಗಂಡಸರ ಕೋಣೆಯಲ್ಲಿ ಅವಳ ಮಗ ಖಲ್ಫಾನನ ಜೊತೆ ಸ್ವಲ್ಪ ಹೊತ್ತು ಕೂತು ಹೋಗುತ್ತಾನೆ. ಹಾಲಿನ ನೆಂಟಸ್ತಿಕೆಯನ್ನು ಹೀಗೆ ಕಡಿಯಲು ಆಗುವುದಿಲ್ಲ, ಪಾಪ ಬರುತ್ತದೆ ಎಂದು ಮಗ ತಾಯಿಗೆ ಹೇಳಿದ್ದಾನೆ. ಬರಲಿ ಎಂದಿದ್ದಾಳೆ ಅವಳು.

ಐದು ವರ್ಷದ ಮಗು ಮಡಿಲಲ್ಲಿ ಕೇಳಿಸಿಕೊಂಡದ್ದನ್ನು ಮುದುಕನಾಗಿ ಹೇಳಿದನೋ, ಹೊಸ್ತಿಲಲ್ಲಿ ಕುಕ್ಕರಿಸಿ ಆ ಗಳಿಗೆಯಲ್ಲಿ ಕಟ್ಟಿದನೋ, ತಿಳಿಯಲು ದಾರಿಯಿಲ್ಲ. ಘಾಯಾ ಕುಡಿಯಲಿ ಎಂದಳೋ ಇಲ್ಲವೋ, ಮರಳಿಗೆ ಚೆಲ್ಲಿದ್ದು ಮೊದಲನೆಯ ಕಾಫಿಯೋ ಎರಡನೆಯದೋ, ಕಲ್ಥಮ್‌ಗೆ ಗೊತ್ತಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.